ಕಂಟೇನರ್ ತಂತ್ರಜ್ಞಾನದ ಶ್ರೇಯಸ್ಸು ಯಾರಿಗೆ ಸಲ್ಲಬೇಕು?

ಪ್ರೋಗ್ರಾಮೊಂದನ್ನು ಅದಕ್ಕೆ ಬೇಕಾದ ಕಡತಗಳೊಂದಿಗೆ ಕಟ್ಟಿ, ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿ ನಡೆಸುವ ಏರ್ಪಾಡಿಗೆ ಕಂಟೇನರ್ ಎನ್ನುತ್ತಾರೆ. 2025ರ ಜೂನ್ ತಿಂಗಳಲ್ಲಿ ಆಪಲ್ ಕಂಪನಿ ತನ್ನ ವಾರ್ಷಿಕ ಡೆವಲಪರ್ ಸಮ್ಮೇಳನದಲ್ಲಿ, ಮ್ಯಾಕ್ ಕಂಪ್ಯೂಟರುಗಳ ಮೇಲೆ ಲಿನಕ್ಸ್ ಕಂಟೇನರುಗಳನ್ನು ನಡೆಸಬಲ್ಲ ತಂತ್ರಾಂಶವೊಂದನ್ನು ಓಪನ್ ಸೋರ್ಸ್ ಪರವಾನಗಿಯಡಿ ಹೊರತಂದಿತು. ಅದಕ್ಕೆ ಆರು ತಿಂಗಳ ಹಿಂದೆ, 2024ರ ಡಿಸೆಂಬರಿನಲ್ಲಿ, ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ ತನ್ನ 14.2ನೇ ಆವೃತ್ತಿಯ ಜೊತೆಗೆ ಅಧಿಕೃತ ಕಂಟೇನರ್ ಇಮೇಜುಗಳನ್ನು, ಅಂದರೆ ಕಂಟೇನರಾಗಿ ನಡೆಸಲು ಕಟ್ಟಿಟ್ಟ ಕಡತಗಳ ಕಂತೆಗಳನ್ನು, ಕೊಡತೊಡಗಿತ್ತು. ಈ ಎರಡು ಸುದ್ದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. ಫ್ರೀಬಿಎಸ್‌ಡಿಯಲ್ಲಿ ಪ್ರೋಗ್ರಾಮುಗಳನ್ನು ಒಂದರಿಂದೊಂದು ಬೇರ್ಪಡಿಸಿಡುವ 'ಜೈಲ್' ಎಂಬ ಸೌಲಭ್ಯ 2000ನೇ ಇಸವಿಯಿಂದಲೇ ಇದೆ. ಹಾಗಿದ್ದರೆ ಸುಮಾರು ಕಾಲು ಶತಮಾನದ ಬಳಿಕ ಅದಕ್ಕೆ ಹೊಸದಾಗಿ ಬಂದದ್ದೇನು? ಆಪಲ್‌ನ ತಂತ್ರಾಂಶವಾದರೋ ಪ್ರತಿಯೊಂದು ಕಂಟೇನರನ್ನೂ ಅದರದೇ ಆದ ಪುಟ್ಟ ವರ್ಚುವಲ್ ಮಷೀನಿನೊಳಗೆ, ಅಂದರೆ ತಂತ್ರಾಂಶವೇ ಕಟ್ಟಿಕೊಟ್ಟ ನಕಲಿ ಕಂಪ್ಯೂಟರಿನೊಳಗೆ, ನಡೆಸುತ್ತದೆ. ಆದರೆ ವರ್ಚುವಲ್ ಮಷೀನಿನ ಹಂಗಿಲ್ಲದೆ ನಡೆಯುವುದೇ ಕಂಟೇನರ್ ಎಂದಲ್ಲವೇ ಇಷ್ಟು ವರ್ಷ ಹೇಳಿಕೊಟ್ಟದ್ದು?

ಈ ಗೊಂದಲದ ಬೆನ್ನಿಗೇ ಹಳೆಯ ವಾದವೊಂದು ಮತ್ತೆ ತಲೆ ಎತ್ತುತ್ತದೆ. ಕಂಟೇನರನ್ನು ಕಂಡುಹಿಡಿದದ್ದು 2013ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶ ಎಂಬುದು ಹೆಚ್ಚಿನವರ ತಿಳಿವಳಿಕೆ. ಅದು ಯೂನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂನ ಕಾಲದ ವಿದ್ಯೆ, ಡಾಕರ್ ಅದಕ್ಕೊಂದು ಹೊದಿಕೆ ಹೊಲಿದುಕೊಟ್ಟಿತಷ್ಟೇ ಎಂಬುದು ವ್ಯವಸ್ಥೆಯ ಒಳಗುಟ್ಟು ಬಲ್ಲ ಹಲವರ ಮಾತು. ಇದರ ನಿಜವಾದ ತವರು ಗೂಗಲ್ ಎನ್ನುವವರೂ ಇದ್ದಾರೆ. ಈ ವಾದಗಳನ್ನು ತೂಗಿ ನೋಡಲು ಮೊದಲು ಕಂಟೇನರ್ ಎಂಬ ಪದವನ್ನೇ ಬಿಡಿಸಿ ನೋಡಬೇಕು.

ಕರ್ನಲ್‌ನಲ್ಲಿ ಇಲ್ಲದ ವಸ್ತು

ಲಿನಕ್ಸ್ ಕರ್ನಲ್‌ನ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಒಳಗೆ ಕಂಟೇನರ್ ಎಂಬ ವಸ್ತುವೇ ಇಲ್ಲ ಎಂಬುದು ಹೊಸಬರಿಗೆ ಅಚ್ಚರಿ ತರುವ ಸಂಗತಿ. ಫ್ರೀಬಿಎಸ್‌ಡಿಯ ಕರ್ನಲ್‌ಗೆ ಜೈಲ್ ಎಂದರೇನೆಂದು ಗೊತ್ತು, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸೋಲಾರಿಸ್ ಆಪರೇಟಿಂಗ್ ಸಿಸ್ಟಂನ ಕರ್ನಲ್‌ಗೆ ಝೋನ್ ಎಂದರೇನೆಂದು ಗೊತ್ತು. ಲಿನಕ್ಸ್ ಕರ್ನಲ್‌ಗೆ ಮಾತ್ರ ತನ್ನ ಮೇಲೆ ಎಷ್ಟು ಕಂಟೇನರುಗಳು ಓಡುತ್ತಿವೆ ಎಂದು ಕೇಳಿದರೆ ಹೇಳಲು ಬಾರದು. ಅದಕ್ಕೆ ಗೊತ್ತಿರುವುದು ಬಿಡಿಬಿಡಿಯಾದ ಸಲಕರಣೆಗಳು ಮಾತ್ರ. ಒಂದು ಪ್ರೊಸೆಸ್‌ಗೆ, ಅಂದರೆ ನಡೆಯುತ್ತಿರುವ ಪ್ರೋಗ್ರಾಮಿಗೆ, ಯಾವ ಕಡತಗಳು, ಯಾವ ನೆಟ್‌ವರ್ಕ್, ಯಾವ ಇತರ ಪ್ರೊಸೆಸ್‌ಗಳು ಕಾಣಬೇಕು ಎಂಬುದನ್ನು ನಿರ್ಧರಿಸುವ ನೇಮ್‌ಸ್ಪೇಸ್‌ಗಳು ಒಂದು ಕಡೆ. ಅದು ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಸಮಯ ಬಳಸಬಹುದು ಎಂದು ಮಿತಿ ಹಾಕುವ ಸಿಗ್ರೂಪ್‌ಗಳು ಇನ್ನೊಂದು ಕಡೆ. ಇವನ್ನು ಒಟ್ಟುಗೂಡಿಸಿ, ಬೇಕಾದ ಕಡತಗಳ ಕಂತೆಯೊಂದನ್ನು ಒದಗಿಸಿ, ಆ ಕೂಟಕ್ಕೆ ಕಂಟೇನರ್ ಎಂದು ಹೆಸರಿಡುವುದು ಕರ್ನಲ್‌ನ ಹೊರಗಿರುವ ತಂತ್ರಾಂಶ. 2017ರಲ್ಲಿ ಕಂಟೇನರನ್ನು ಕರ್ನಲ್‌ನ ವಸ್ತುವನ್ನಾಗಿಯೇ ಮಾಡೋಣ ಎಂಬ ಪ್ರಸ್ತಾವವೊಂದು ಕರ್ನಲ್ ಅಭಿವೃದ್ಧಿಕಾರರ ಮುಂದೆ ಬಂದಿತ್ತು, ಅದು ಅಂಗೀಕಾರವಾಗಲಿಲ್ಲ.

ಹೀಗಾಗಿ ಕಂಟೇನರ್ ಎನ್ನುವ ಒಂದೇ ಪದದ ಕೆಳಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ನಾಲ್ಕು ಕೆಲಸಗಳು ಸೇರಿಕೊಂಡಿವೆ: ಪ್ರೋಗ್ರಾಮುಗಳನ್ನು ಬೇರ್ಪಡಿಸುವುದು, ಅವುಗಳ ಬಳಕೆಗೆ ಮಿತಿ ಹಾಕುವುದು, ಅವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಂತೆ ಕಟ್ಟಿಡುವುದು, ಮತ್ತು ಸಾವಿರಾರು ಯಂತ್ರಗಳ ಮೇಲೆ ಅವನ್ನು ಹಂಚಿ ನಡೆಸುವುದು. ಯಾರು ಕಂಡುಹಿಡಿದರು ಎಂದು ಕೇಳಿದಾಗ ಒಬ್ಬೊಬ್ಬರೂ ಈ ನಾಲ್ಕರಲ್ಲಿ ತಮಗೆ ಮುಖ್ಯವೆನಿಸಿದ್ದನ್ನು ಹಿಡಿದು ಉತ್ತರಿಸುತ್ತಾರೆ. ಉತ್ತರಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೇ ಕಾರಣ.

ಸಿಎಚ್‌ರೂಟ್‌ನಿಂದ ಜೈಲಿನವರೆಗೆ

ವಂಶಾವಳಿಯನ್ನು ಹೆಚ್ಚಾಗಿ 1979ರಿಂದ ಬರೆಯುತ್ತಾರೆ. ಆ ವರ್ಷ ಬಂದ ಯೂನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಸಿಎಚ್‌ರೂಟ್ ಎಂಬ ಆದೇಶವಿತ್ತು. ಒಂದು ಪ್ರೊಸೆಸ್‌ಗೆ ಇಡೀ ಕಡತವ್ಯವಸ್ಥೆಯ ಬದಲು ಅದರ ಒಂದು ಕೊಂಬೆಯನ್ನೇ ಬುಡವೆಂದು ತೋರಿಸುವುದು ಅದರ ಕೆಲಸ. ಭದ್ರತೆಗೆಂದು ಇದನ್ನು ರೂಪಿಸಿರಲಿಲ್ಲ. ಮೇಲ್ವಿಚಾರಕನ ಅಧಿಕಾರ, ಅಂದರೆ ರೂಟ್ ಅಧಿಕಾರ, ಇರುವ ಪ್ರೋಗ್ರಾಮೊಂದು ಈ ಬೇಲಿಯನ್ನು ದಾಟಿ ಹೊರಬರಬಲ್ಲದು. ಅಲ್ಲದೆ ಇದು ಮರೆಮಾಡುವುದು ಕಡತಗಳನ್ನು ಮಾತ್ರ. ನೆಟ್‌ವರ್ಕ್, ಇತರ ಪ್ರೊಸೆಸ್‌ಗಳು, ಯಂತ್ರದ ಹೆಸರು ಎಲ್ಲವೂ ಹಾಗೆಯೇ ಕಾಣುತ್ತಿರುತ್ತವೆ. ಆದ್ದರಿಂದ ಸಿಎಚ್‌ರೂಟ್ ಇಂದಿನ ಕಂಟೇನರಿನ ಪೂರ್ವಜ ಎನ್ನುವುದು ಸರಿ, ಕಂಟೇನರ್ ಆಗಲೇ ಸಿದ್ಧವಾಗಿತ್ತು ಎನ್ನುವುದು ಉತ್ಪ್ರೇಕ್ಷೆ.

ನಿಜವಾದ ಜಿಗಿತ ಫ್ರೀಬಿಎಸ್‌ಡಿಯಲ್ಲಿ ಆಯಿತು. ಒಂದೇ ಯಂತ್ರದಲ್ಲಿ ಅನೇಕ ಗ್ರಾಹಕರ ಜಾಲತಾಣಗಳನ್ನು ಇಟ್ಟು ನಡೆಸುವ ಹೋಸ್ಟಿಂಗ್ ಸಂಸ್ಥೆಯೊಂದಕ್ಕೆ, ಗ್ರಾಹಕರಿಗೆ ರೂಟ್ ಅಧಿಕಾರವನ್ನೂ ಕೊಡಬೇಕು, ಅದರಿಂದ ಉಳಿದವರಿಗೆ ಹಾನಿಯೂ ಆಗಬಾರದು ಎಂಬ ಅಗತ್ಯವಿತ್ತು. ಇದಕ್ಕೆ ಪೌಲ್-ಹೆನ್ನಿಂಗ್ ಕಾಂಪ್ ಕಟ್ಟಿಕೊಟ್ಟ ಉತ್ತರವೇ ಜೈಲ್. 2000ದ ಮಾರ್ಚ್‌ನಲ್ಲಿ ಬಂದ ಫ್ರೀಬಿಎಸ್‌ಡಿ 4.0ರಲ್ಲಿ ಅದು ಸೇರಿತು. ಕಾಂಪ್ ಮತ್ತು ರಾಬರ್ಟ್ ವಾಟ್ಸನ್ ಅದೇ ವರ್ಷ ಅದನ್ನು ವಿವರಿಸುವ ಪ್ರಬಂಧವನ್ನೂ ಪ್ರಕಟಿಸಿದರು. ಜೈಲಿನೊಳಗಿನ ರೂಟ್ ತನ್ನ ಕೋಣೆಯೊಳಗೆ ಸರ್ವಾಧಿಕಾರಿ, ಹೊರಗೆ ಏನೂ ಅಲ್ಲ. ಕಡತ, ಪ್ರೊಸೆಸ್, ನೆಟ್‌ವರ್ಕ್ ವಿಳಾಸ ಎಲ್ಲಕ್ಕೂ ಏಕಕಾಲದಲ್ಲಿ ಗಡಿ ಹಾಕುವ ಈ ಕಲ್ಪನೆ, ಬೇರ್ಪಡಿಸುವಿಕೆಯ ಮಟ್ಟಿಗೆ, ಇಂದಿನ ಕಂಟೇನರಿನ ಬಹುಪಾಲನ್ನು ಒಳಗೊಂಡಿತ್ತು. ಇಲ್ಲದಿದ್ದುದು ಮಿತಿ ಹಾಕುವ ಅಂಗ: ಒಂದು ಜೈಲು ಇಡೀ ಯಂತ್ರದ ಮೆಮೊರಿಯನ್ನು ನುಂಗದಂತೆ ತಡೆಯುವ ಪೂರ್ಣ ಪ್ರಮಾಣದ ಸೌಲಭ್ಯ ಫ್ರೀಬಿಎಸ್‌ಡಿಗೆ ಬಂದದ್ದು 2012ರಲ್ಲಿ, ಅದರ 9ನೇ ಆವೃತ್ತಿಯೊಂದಿಗೆ.

ಆ ಅಂಗವನ್ನು ಮೊದಲೇ ಜೋಡಿಸಿದ್ದು ಸನ್ ಮೈಕ್ರೋಸಿಸ್ಟಮ್ಸ್. 2005ರಲ್ಲಿ ಬಂದ ಸೋಲಾರಿಸ್ 10ರ ಝೋನ್‌ಗಳಿಗೆ ಸಂಪನ್ಮೂಲ ನಿಯಂತ್ರಣವೂ ಸೇರಿತ್ತು, ಮತ್ತು ಈ ಜೋಡಿಯನ್ನು ಸನ್ ಕರೆದದ್ದೇ ಸೋಲಾರಿಸ್ ಕಂಟೇನರ್ ಎಂದು. ಹೆಸರೂ ಗುಣವೂ ಒಟ್ಟಿಗೆ ಇದ್ದ ಮೊದಲ ಪ್ರಮುಖ ಉತ್ಪನ್ನವೆಂದರೆ ಇದೇ. ಆದರೂ ಅದು ಲೋಕವನ್ನು ಆವರಿಸಲಿಲ್ಲ. ಆ ವರ್ಷಗಳಲ್ಲಿ ಅಗ್ಗದ ಸಾಮಾನ್ಯ ಯಂತ್ರಗಳ ಮೇಲೆ ಲಿನಕ್ಸ್ ಹರಡುತ್ತಿತ್ತು, ಸೋಲಾರಿಸ್‌ನ ನೆಲೆ ಕುಗ್ಗುತ್ತಿತ್ತು, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ತಾಂತ್ರಿಕವಾಗಿ ಮುಂದಿದ್ದ ವ್ಯವಸ್ಥೆ ಹಿಂದುಳಿಯಲು ಅದರ ಗುಣಕ್ಕಿಂತ ಅದು ನೆಲೆಸಿದ್ದ ಮನೆಯೇ ಕಾರಣವಾಯಿತು.

ಲಿನಕ್ಸ್‌ನ ಒಳಗೆ ನಡೆದ ದೀರ್ಘ ದುಡಿಮೆ

ಶ್ರೇಯಸ್ಸಿನ ಲೆಕ್ಕದಲ್ಲಿ ಅತಿ ಹೆಚ್ಚು ಅನ್ಯಾಯವಾಗಿರುವುದು ಈ ಭಾಗಕ್ಕೆ ಎಂಬುದು ಈ ಲೇಖನದ ನಿಲುವು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಲಿನಕ್ಸ್‌ನಲ್ಲಿ ಕಂಟೇನರುಗಳು ಮೊದಲು ಬಂದದ್ದು ಕರ್ನಲ್‌ಗೆ ಹೊರಗಿನಿಂದ ಹಚ್ಚುವ ತೇಪೆಗಳಾಗಿ. ಝಾಕ್ ಜೆಲಿನಾ 2001ರಲ್ಲಿ ಲಿನಕ್ಸ್ ವಿಸರ್ವರ್ ಎಂಬ ಯೋಜನೆಯನ್ನು ಆರಂಭಿಸಿದರು. ಎಸ್‌ಡಬ್ಲ್ಯೂಸಾಫ್ಟ್ ಎಂಬ ಕಂಪನಿ ವರ್ಚುವೊಝ್ಝೊ ಎಂಬ ಉತ್ಪನ್ನವನ್ನು ಹೋಸ್ಟಿಂಗ್ ಸಂಸ್ಥೆಗಳಿಗೆ ಮಾರುತ್ತಿತ್ತು. ಅದರ ತಿರುಳನ್ನು 2005ರಲ್ಲಿ ಓಪನ್‌ವಿಝಡ್ ಎಂಬ ಹೆಸರಿನಲ್ಲಿ ಮುಕ್ತಗೊಳಿಸಿತು. ಡಾಕರ್ ಎಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ತೇಪೆ ಹಚ್ಚಿದ ಕರ್ನಲ್‌ಗಳ ಮೇಲೆ ಹೋಸ್ಟಿಂಗ್ ವ್ಯಾಪಾರ ನಡೆಯುತ್ತಿತ್ತು. ತೊಂದರೆಯೆಂದರೆ, ತೇಪೆ ಹಚ್ಚಿದ ಕರ್ನಲ್ ಮೂಲ ಕರ್ನಲ್‌ನ ವೇಗಕ್ಕೆ ಹೆಜ್ಜೆ ಹಾಕಲಾರದು. ಪ್ರತಿ ಹೊಸ ಆವೃತ್ತಿಗೂ ತೇಪೆಯನ್ನು ಮತ್ತೆ ಹೊಲಿಯಬೇಕು, ಮತ್ತು ಲಿನಕ್ಸ್ ಬಳಸುವ ಎಲ್ಲರ ಯಂತ್ರದಲ್ಲೂ ಅದು ತಾನಾಗಿ ಇರುವುದಿಲ್ಲ.

ಹಾಗಾದರೆ ತೇಪೆಯನ್ನು ಮೂಲ ಕರ್ನಲ್‌ಗೇ ಸೇರಿಸಬಾರದೇಕೆ? ಇಲ್ಲಿಯೇ ಇಡೀ ಕತೆಯ ದಿಕ್ಕು ತೀರ್ಮಾನವಾಯಿತು. ಒಂದೇ ಏಟಿಗೆ ಸೇರಿಸಲಾಗದಷ್ಟು ದೊಡ್ಡದಾಗಿದ್ದ, ಪರಸ್ಪರ ಹೊಂದದಿದ್ದ ಹಲವು ತೇಪೆಗಳು ಎದುರಿಗಿದ್ದವು. ಅವುಗಳಲ್ಲಿ ಯಾವುದೋ ಒಂದನ್ನು ಆರಿಸುವ ಬದಲು, ಎಲ್ಲರಿಗೂ ಒಪ್ಪಿಗೆಯಾಗುವ ಚಿಕ್ಕ ಚಿಕ್ಕ ಸಲಕರಣೆಗಳನ್ನು ಒಂದೊಂದಾಗಿ ಸೇರಿಸುವ ದಾರಿಯನ್ನು ಸಮುದಾಯ ಹಿಡಿಯಿತು. ದಾರಿಯ ಮೊದಲ ಗುರುತು ಆಗಲೇ ಇತ್ತು: ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಪ್ರತಿ ಪ್ರೊಸೆಸ್‌ಗೂ ತನ್ನದೇ ನೇಮ್‌ಸ್ಪೇಸ್ ಇರಬಹುದೆಂಬ ಕಲ್ಪನೆಯಿತ್ತು, ಅದರ ಪ್ರೇರಣೆಯಿಂದ ಅಲ್ ವಿರೊ 2002ರಲ್ಲಿ ಕಡತವ್ಯವಸ್ಥೆಗೆ ಸಂಬಂಧಿಸಿದ ನೇಮ್‌ಸ್ಪೇಸನ್ನು ಲಿನಕ್ಸ್‌ಗೆ ತಂದಿದ್ದರು. ಮುಂದೆ ಇನ್ನೂ ಹಲವು ಬಗೆಯ ನೇಮ್‌ಸ್ಪೇಸ್‌ಗಳು ಬರಬಹುದೆಂದು ಯಾರೂ ಎಣಿಸದಿದ್ದ ಕಾರಣ, ಅದರ ಸಂಕೇತನಾಮದಲ್ಲಿ 'ಹೊಸ ನೇಮ್‌ಸ್ಪೇಸ್' ಎಂಬ ಅರ್ಥವಷ್ಟೇ ಇದೆ, ಯಾವುದರ ನೇಮ್‌ಸ್ಪೇಸ್ ಎಂಬ ಸೂಚನೆ ಇಂದಿಗೂ ಇಲ್ಲ.

2006ರ ನಂತರ ಉಳಿದವು ಒಂದೊಂದಾಗಿ ಬಂದವು. ಯಂತ್ರದ ಹೆಸರು ಮತ್ತು ಪ್ರೊಸೆಸ್‌ಗಳ ನಡುವಣ ಸಂವಹನಕ್ಕೆ 2006ರಲ್ಲಿ, ಪ್ರೊಸೆಸ್ ಸಂಖ್ಯೆಗಳಿಗೆ 2008ರಲ್ಲಿ, ನೆಟ್‌ವರ್ಕ್‌ಗೆ 2008 ಮತ್ತು 2009ರ ಆವೃತ್ತಿಗಳಲ್ಲಿ ಹಂತಹಂತವಾಗಿ ನೇಮ್‌ಸ್ಪೇಸ್‌ಗಳು ಸಿದ್ಧವಾದವು. ಎಲ್ಲಕ್ಕಿಂತ ಕಷ್ಟದ್ದು ಬಳಕೆದಾರರ ನೇಮ್‌ಸ್ಪೇಸ್: ಕಂಟೇನರಿನ ಒಳಗೆ ರೂಟ್ ಎನಿಸಿಕೊಂಡವನು ಹೊರಗೆ ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರನಾಗಿರುವಂತೆ ಮಾಡುವ ಏರ್ಪಾಡು ಅದು. ಎರಿಕ್ ಬೀಡರ್‌ಮನ್ ಅವರ ಮುಂದಾಳತ್ವದಲ್ಲಿ ಅದು ಬಳಕೆಯ ಹದಕ್ಕೆ ಬಂದದ್ದು 2013ರ ಫೆಬ್ರವರಿಯಲ್ಲಿ, 3.8ನೇ ಕರ್ನಲ್‌ನೊಂದಿಗೆ. ಓಪನ್‌ವಿಝಡ್ ತಂಡದ ಪಾವೆಲ್ ಎಮೆಲ್ಯಾನೊವ್, ಐಬಿಎಂನ ಸರ್ಜ್ ಹ್ಯಾಲಿನ್, ಸುಕದೇವ್ ಭಟ್ಟಿಪ್ರೋಲು ಮುಂತಾದವರು ಈ ವರ್ಷಗಳಲ್ಲಿ ಮಾಡಿದ ಕೆಲಸ ಕರ್ನಲ್‌ನ ಇತಿಹಾಸದಲ್ಲಿ ಸಾಲುಸಾಲಾಗಿ ದಾಖಲಾಗಿದೆ. ಓಪನ್‌ವಿಝಡ್‌ನ ಅಭಿವೃದ್ಧಿಕಾರರಂತೂ ತಮ್ಮ ಕಂಪನಿ ಮಾರುತ್ತಿದ್ದ ಉತ್ಪನ್ನದ ತಿರುಳನ್ನು ತಾವೇ ತುಂಡುತುಂಡಾಗಿ ಬಿಡಿಸಿ, ಎಲ್ಲರಿಗೂ ಸಲ್ಲುವ ರೂಪದಲ್ಲಿ ಮತ್ತೆ ಬರೆದುಕೊಟ್ಟರು.

ಮಿತಿ ಹಾಕುವ ಸಲಕರಣೆ ಬಂದದ್ದು ಗೂಗಲ್‌ನಿಂದ. ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದ ಈ ಕೆಲಸದ ಮೊದಲ ಹೆಸರು 'ಪ್ರೊಸೆಸ್ ಕಂಟೇನರ್' ಎಂದೇ ಇತ್ತು. ಕಂಟೇನರ್ ಎಂಬ ಪದಕ್ಕೆ ಕರ್ನಲ್ ವಲಯದಲ್ಲಿ ಆಗಲೇ ಹಲವು ಅರ್ಥಗಳಿದ್ದು ಗೊಂದಲವಾಗುತ್ತದೆಂದು 2007ರಲ್ಲಿ ಅದನ್ನು ಕಂಟ್ರೋಲ್ ಗ್ರೂಪ್, ಸಂಕ್ಷೇಪದಲ್ಲಿ ಸಿಗ್ರೂಪ್, ಎಂದು ಬದಲಿಸಿದರು. 2008ರ ಜನವರಿಯ 2.6.24ನೇ ಕರ್ನಲ್‌ನಲ್ಲಿ ಅದು ಸೇರಿತು. ಮೆಮೊರಿಗೆ ಮಿತಿ ಹಾಕುವ ಭಾಗವನ್ನು ಐಬಿಎಂನ ಬಲ್ಬೀರ್ ಸಿಂಗ್ ಮತ್ತಿತರರು ಕಟ್ಟಿದರು, ಅದು ಮುಂದಿನ ಆವೃತ್ತಿಯಲ್ಲಿ ಬಂತು. ಇಂದು ನಮ್ಮನ್ನು ಕಾಡುತ್ತಿರುವ ಪದದ ಗೊಂದಲ ಆ ಹೊತ್ತಿಗೇ ಇವರನ್ನು ಕಾಡಿತ್ತು ಎಂಬುದನ್ನು ಗಮನಿಸಬೇಕು.

2008ರಲ್ಲಿ ಬಂದ ಎಲ್‌ಎಕ್ಸ್‌ಸಿ ಎಂಬ ತಂತ್ರಾಂಶ ಈ ಸಲಕರಣೆಗಳನ್ನೆಲ್ಲ ಕೂಡಿಸಿ, ತೇಪೆಯಿಲ್ಲದ ಸಾಮಾನ್ಯ ಕರ್ನಲ್ ಮೇಲೆಯೇ ಕಂಟೇನರ್ ನಡೆಸಬಹುದೆಂದು ತೋರಿಸಿತು. ಡಾಕರ್ ಬರುವುದಕ್ಕೆ ಇನ್ನೂ ಐದು ವರ್ಷ ಇತ್ತು.

ಗೂಗಲ್‌ನ ಪಾಲು

ಗೂಗಲ್ ಪರವಾಗಿ ವಾದಿಸುವವರು ಎರಡು ಸಂಗತಿಗಳನ್ನು ಮುಂದಿಡುತ್ತಾರೆ. ಸಿಗ್ರೂಪ್ ಅವರದ್ದು, ಮತ್ತು ತನ್ನ ಒಳಗಿನ ಬಳಕೆಗೆ ಕಟ್ಟಿಕೊಂಡ ಬೋರ್ಗ್ ಎಂಬ ವ್ಯವಸ್ಥೆಯ ಮೂಲಕ ಆ ಕಂಪನಿ ವರ್ಷಗಟ್ಟಲೆ ತನ್ನ ಬಹುತೇಕ ಎಲ್ಲ ಕೆಲಸಗಳನ್ನೂ ಕಂಟೇನರುಗಳಲ್ಲೇ ನಡೆಸುತ್ತಿತ್ತು. ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೇನರುಗಳನ್ನು ಆರಂಭಿಸುತ್ತೇವೆ ಎಂದು ಗೂಗಲ್‌ನ ಜೋ ಬೇಡಾ 2014ರಲ್ಲಿ ಹೇಳಿದ್ದರು. ಈ ಅಂಕಿಯನ್ನು ಕೇಳಿದವರಿಗೆ ಉಳಿದ ವಾದಗಳೆಲ್ಲ ಚಿಕ್ಕದಾಗಿ ಕಾಣುತ್ತವೆ.

ಆದರೆ 2015ರಲ್ಲಿ ಪ್ರಕಟವಾದ ಬೋರ್ಗ್ ಕುರಿತ ಪ್ರಬಂಧವನ್ನು ಓದಿದರೆ ಚಿತ್ರ ಸೂಕ್ಷ್ಮವಾಗುತ್ತದೆ. ಒಂದೇ ಯಂತ್ರದ ಮೇಲಿನ ಕೆಲಸಗಳನ್ನು ಭದ್ರತೆಗಾಗಿ ಬೇರ್ಪಡಿಸಲು ಬೋರ್ಗ್ ಮುಖ್ಯವಾಗಿ ಬಳಸುತ್ತಿದ್ದುದು ಅದೇ ಹಳೆಯ ಸಿಎಚ್‌ರೂಟನ್ನು. ಗೂಗಲ್‌ಗೆ ಕಂಟೇನರ್ ಎಂದರೆ ಮೊದಲನೆಯದಾಗಿ ಮಿತಿ ಹಾಕುವ ಸಾಧನ: ಬಳಕೆದಾರರಿಗೆ ತಕ್ಷಣ ಉತ್ತರಿಸಬೇಕಾದ ಕೆಲಸವನ್ನೂ ನಿಧಾನವಾಗಿ ನಡೆದರೆ ಸಾಕಾಗುವ ಕೆಲಸವನ್ನೂ ಒಂದೇ ಯಂತ್ರದಲ್ಲಿ ಒತ್ತಿ ಕೂರಿಸಿ, ಯಂತ್ರಗಳ ಖರ್ಚನ್ನು ಇಳಿಸುವ ಉಪಾಯ. ಇದು ದೊಡ್ಡ ಸಾಧನೆಯೇ. ಹಾಗೆಯೇ, ಬೋರ್ಗ್‌ನ ಅನುಭವದಿಂದ ಹುಟ್ಟಿ 2014ರ ಜೂನ್‌ನಲ್ಲಿ ಪ್ರಕಟವಾದ ಕುಬರ್ನೆಟಿಸ್, ಸಾವಿರಾರು ಯಂತ್ರಗಳ ಮೇಲೆ ಕಂಟೇನರುಗಳನ್ನು ಹಂಚುವ ಕೆಲಸದಲ್ಲಿ ಎದುರಾಳಿಗಳಿಲ್ಲದಂತೆ ನೆಲೆಯಾಯಿತು. ನಾಲ್ಕು ಕೆಲಸಗಳಲ್ಲಿ ಎರಡರ ಶ್ರೇಯಸ್ಸಿನ ದೊಡ್ಡ ಪಾಲು ಗೂಗಲ್‌ಗೆ ಸಲ್ಲುತ್ತದೆ. ಉಳಿದೆರಡನ್ನು ಅದರ ಖಾತೆಗೆ ಬರೆಯಲು ಆಧಾರವಿಲ್ಲ.

ಡಾಕರ್ ನಿಜಕ್ಕೂ ಮಾಡಿದ್ದೇನು

ಡಾಟ್‌ಕ್ಲೌಡ್ ಎಂಬ ಪುಟ್ಟ ಕಂಪನಿ, ಇತರರ ತಂತ್ರಾಂಶಗಳನ್ನು ತನ್ನ ಯಂತ್ರಗಳ ಮೇಲೆ ನಡೆಸಿಕೊಡುವ ಸೇವೆಯನ್ನು ಮಾರುತ್ತಿತ್ತು. ಅದರ ಸ್ಥಾಪಕರಲ್ಲಿ ಒಬ್ಬರಾದ ಸಾಲೊಮನ್ ಹೈಕ್ಸ್ 2013ರ ಮಾರ್ಚ್‌ನಲ್ಲಿ, ಸಾಂತಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ, ಐದು ನಿಮಿಷದ ಚುಟುಕು ಭಾಷಣವೊಂದರಲ್ಲಿ ತಮ್ಮ ಒಳಬಳಕೆಯ ಸಲಕರಣೆಯನ್ನು ತೋರಿಸಿದರು. ಅದೇ ಡಾಕರ್. ಅದರ ಕೆಳಗೆ ಕರ್ನಲ್‌ನ ಕೆಲಸ ಮಾಡುತ್ತಿದ್ದುದು ಎಲ್‌ಎಕ್ಸ್‌ಸಿ; ಕಡತಗಳನ್ನು ಪದರಪದರವಾಗಿ ಒಂದರ ಮೇಲೊಂದು ಜೋಡಿಸುತ್ತಿದ್ದುದು ಜಪಾನಿನ ಜುಂಜಿರೊ ಒಕಾಜಿಮಾ ಬರೆದ ಎಯುಎಫ್‌ಎಸ್. ಡಾಕರ್ ಹೊದಿಕೆ ಮಾತ್ರ ಎನ್ನುವವರು ಆಧರಿಸುವುದು ಇದನ್ನೇ, ಮತ್ತು ಇಷ್ಟರ ಮಟ್ಟಿಗೆ ಅವರ ಮಾತು ಸರಿ.

ಅವರ ಲೆಕ್ಕ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಜೈಲ್, ಝೋನ್, ಓಪನ್‌ವಿಝಡ್ ಇವೆಲ್ಲ ಹುಟ್ಟಿದ್ದು ಯಂತ್ರವನ್ನು ನೋಡಿಕೊಳ್ಳುವವರ ಕಷ್ಟಕ್ಕೆ ಉತ್ತರವಾಗಿ. ದೊಡ್ಡ ಯಂತ್ರವೊಂದನ್ನು ಹಲವರಿಗೆ ಹಂಚುವುದು ಹೇಗೆ ಎಂಬುದು ಅವುಗಳ ಪ್ರಶ್ನೆ. ಹಾಗಾಗಿ ಅಲ್ಲಿ ಕಂಟೇನರ್ ಎಂದರೆ ದೀರ್ಘಕಾಲ ಬಾಳುವ ಪುಟ್ಟ ಸರ್ವರ್. ಅದರೊಳಗೆ ಹೋಗಿ ತಂತ್ರಾಂಶ ಹಾಕುತ್ತಾರೆ, ಕಾಲಕಾಲಕ್ಕೆ ದುರಸ್ತಿ ಮಾಡುತ್ತಾರೆ. ಡಾಕರ್ ಎತ್ತಿಕೊಂಡದ್ದು ಪ್ರೋಗ್ರಾಂ ಬರೆಯುವವರ ಕಷ್ಟವನ್ನು: ತನ್ನ ಯಂತ್ರದಲ್ಲಿ ಸರಿಯಾಗಿ ನಡೆಯುವ ಪ್ರೋಗ್ರಾಂ, ಲೈಬ್ರರಿಯ ಆವೃತ್ತಿಯೋ ಯಾವುದೋ ಸೆಟ್ಟಿಂಗೋ ಬೇರೆಯಾಗಿರುವ ಇನ್ನೊಂದು ಯಂತ್ರದಲ್ಲಿ ಮುರಿದು ಬೀಳುವುದೇಕೆ? ಇದಕ್ಕೆ ಅದು ಕೊಟ್ಟ ಉತ್ತರದಲ್ಲಿ ಮೂರು ಅಂಗಗಳಿದ್ದವು. ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಎಲ್ಲ ಕಡತಗಳನ್ನು ಪದರಗಳಾಗಿ ಕಟ್ಟಿಟ್ಟ ಇಮೇಜ್. ಆ ಇಮೇಜನ್ನು ತಯಾರಿಸುವ ಹಂತಗಳನ್ನು ಯಾರು ಬೇಕಾದರೂ ಓದಬಹುದಾದಂತೆ ಬರೆದಿಡುವ ಡಾಕರ್‌ಫೈಲ್ ಎಂಬ ಸರಳ ಕಡತ. ಇಮೇಜನ್ನು ಒಬ್ಬರು ಏರಿಸಿ ಇನ್ನೊಬ್ಬರು ಇಳಿಸಿಕೊಳ್ಳಬಹುದಾದ ಸಾರ್ವಜನಿಕ ಉಗ್ರಾಣ.

ಪದರಗಳ ಏರ್ಪಾಡಿನ ಪರಿಣಾಮವನ್ನು ಬಿಡಿಸಿ ನೋಡಬೇಕು. ನೂರು ಇಮೇಜುಗಳು ಒಂದೇ ತಳಪದರದ ಮೇಲೆ ನಿಂತಿದ್ದರೆ ಆ ಪದರವನ್ನು ಒಂದೇ ಸಲ ಇಳಿಸಿಕೊಂಡರೆ ಸಾಕು, ಒಂದೇ ಸಲ ಡಿಸ್ಕಿನಲ್ಲಿಟ್ಟರೆ ಸಾಕು. ಹಾಗಾಗಿ ಇಮೇಜ್ ಸಾಗಿಸುವುದು ಅಗ್ಗವಾಯಿತು. ಅಗ್ಗವಾದ ಕಾರಣ ಪ್ರತಿ ಚಿಕ್ಕ ಬದಲಾವಣೆಗೂ ಹೊಸ ಇಮೇಜ್ ಕಟ್ಟುವುದು ರೂಢಿಯಾಯಿತು. ಹೊಸದನ್ನು ಕಟ್ಟುವುದು ಸುಲಭವಾದ ಮೇಲೆ ಹಳೆಯ ಕಂಟೇನರಿನ ಒಳಹೊಕ್ಕು ದುರಸ್ತಿ ಮಾಡುವ ಅಗತ್ಯ ಉಳಿಯಲಿಲ್ಲ; ಅದನ್ನು ಎಸೆದು ಹೊಸದನ್ನು ಎಬ್ಬಿಸಿದರಾಯಿತು. ಮುಂದೆ ಕುಬರ್ನೆಟಿಸ್ ನಿಂತದ್ದು ಇದೇ ನಂಬಿಕೆಯ ಮೇಲೆ: ಯಾವ ಕಂಟೇನರನ್ನಾದರೂ ಯಾವ ಹೊತ್ತಿನಲ್ಲಾದರೂ ಕೊಂದು ಇನ್ನೊಂದು ಯಂತ್ರದಲ್ಲಿ ಮತ್ತೆ ಹುಟ್ಟಿಸಬಹುದು. ಇಂಥ ಬದಲಾವಣೆಯನ್ನು ಹೊದಿಕೆ ಎಂದು ತಳ್ಳಿಹಾಕಲಾಗದು.

ಇದೇ ಬಗೆಯ ಸೇವೆ ನಡೆಸುತ್ತಿದ್ದ ಇತರರ ಬಳಿಯೂ ಹೋಲುವ ಸಲಕರಣೆಗಳಿದ್ದವು. ಕ್ಲೌಡ್ ಫೌಂಡ್ರಿಯ ವಾರ್ಡನ್ 2011ರಷ್ಟು ಹಿಂದಿನದು. ಅವು ತಮ್ಮ ತಮ್ಮ ಸೇವೆಯ ಒಂದು ಭಾಗವಾಗಿಯೇ ಉಳಿದವು. ಡಾಟ್‌ಕ್ಲೌಡ್ ತನ್ನದನ್ನು ಬಿಡಿಯಾಗಿ ತೆಗೆದು ಎಲ್ಲರ ಕೈಗೆ ಕೊಟ್ಟಿತು, ಕೊನೆಗೆ ತನ್ನ ಹೆಸರನ್ನೇ ಡಾಕರ್ ಎಂದು ಬದಲಿಸಿಕೊಂಡಿತು. ಕಾಲವೂ ಕೂಡಿ ಬಂದಿತ್ತು: ಬಳಕೆದಾರರ ನೇಮ್‌ಸ್ಪೇಸ್‌ನೊಂದಿಗೆ ಕರ್ನಲ್‌ನ ಸಲಕರಣೆಗಳು ಪೂರ್ಣಗೊಂಡದ್ದು ಹೈಕ್ಸ್ ಭಾಷಣದ ಹಿಂದಿನ ತಿಂಗಳಲ್ಲಿ.

ಪದದ ಅರ್ಥವೇ ಕದಲಿತು

ಡಾಕರ್‌ನ ಕೊಡುಗೆ ಯಾವುದು ಎಂಬುದಕ್ಕೆ ಬಲವಾದ ಸಾಕ್ಷಿ ಆನಂತರದ ಬೆಳವಣಿಗೆಗಳಲ್ಲಿ ಸಿಗುತ್ತದೆ. 2014ರ ಮಾರ್ಚ್‌ನಲ್ಲಿ ಡಾಕರ್ ಎಲ್‌ಎಕ್ಸ್‌ಸಿಯ ಮೇಲಿನ ಅವಲಂಬನೆಯನ್ನು ಬಿಟ್ಟು ತನ್ನದೇ ಲೈಬ್ರರಿಯನ್ನು ತಂದಿತು. ಎಯುಎಫ್‌ಎಸ್ ಜಾಗಕ್ಕೆ ಕಾಲಕ್ರಮದಲ್ಲಿ ಓವರ್‌ಲೇಎಫ್‌ಎಸ್ ಬಂತು. ಅದೇ 2014ರ ಡಿಸೆಂಬರಿನಲ್ಲಿ ಕೋರ್‌ಒಎಸ್ ಕಂಪನಿ ರಾಕೆಟ್ ಎಂಬ ಪ್ರತಿಸ್ಪರ್ಧಿಯನ್ನೂ ಬೇರೊಂದು ಇಮೇಜ್ ನಿಯಮಾವಳಿಯನ್ನೂ ಮುಂದಿಟ್ಟಿತು. ಲೋಕ ಎರಡು ಹೋಳಾಗುವ ಅಪಾಯ ಕಂಡಾಗ 2015ರ ಜೂನ್‌ನಲ್ಲಿ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿ ಓಪನ್ ಕಂಟೇನರ್ ಇನಿಶಿಯೇಟಿವ್, ಅಂದರೆ ಒಸಿಐ, ಸ್ಥಾಪನೆಯಾಯಿತು. ಡಾಕರ್ ತನ್ನ ತಂತ್ರಾಂಶದ ತಳಭಾಗವನ್ನು ರನ್‌ಸಿ ಎಂಬ ಹೆಸರಿನಲ್ಲಿ ಅದಕ್ಕೆ ಒಪ್ಪಿಸಿತು. 2017ರಲ್ಲಿ ಇಮೇಜ್‌ನ ಮಾನದಂಡ ಸಿದ್ಧವಾಯಿತು. ಆ ಮಾನದಂಡದ ಮೂಲ ಡಾಕರ್‌ನ ಇಮೇಜ್ ಸ್ವರೂಪ. ಆದರೆ ಅದು ಒಂದು ಕಂಪನಿಯ ಸ್ವತ್ತಾಗಿ ಉಳಿಯದೆ ಎಲ್ಲರ ಮಾನದಂಡವಾದದ್ದರಲ್ಲಿ ಕೋರ್‌ಒಎಸ್ ಒಡ್ಡಿದ ಸ್ಪರ್ಧೆಯ ಪಾಲೂ ಇದೆ.

ಕೆಳಗಿನ ಯಂತ್ರಾಂಗ ಇಷ್ಟು ಸಲ ಬದಲಾದರೂ ಇಮೇಜ್ ಉಳಿಯಿತು. ಮೈಕ್ರೋಸಾಫ್ಟ್ ವಿಂಡೋಸ್ ಸರ್ವರ್ 2016ರಲ್ಲಿ, 2017ರ ಕೊನೆಯಲ್ಲಿ ಆರಂಭವಾದ ಕಾಟಾ ಕಂಟೇನರ್ಸ್‌ನಲ್ಲಿ, ಈಗ ಆಪಲ್‌ನ ತಂತ್ರಾಂಶದಲ್ಲಿ, ಕಂಟೇನರನ್ನು ವರ್ಚುವಲ್ ಮಷೀನಿನೊಳಗೇ ನಡೆಸುವ ಏರ್ಪಾಡಿದೆ. ಕರ್ನಲ್ ಹಂಚಿಕೊಳ್ಳುವುದೇ ಕಂಟೇನರಿನ ಲಕ್ಷಣವೆಂದು ಹಿಡಿದರೆ ಇವು ಕಂಟೇನರುಗಳೇ ಅಲ್ಲ. ಆದರೂ ಎಲ್ಲರೂ ಹಾಗೆಯೇ ಕರೆಯುತ್ತಾರೆ, ಏಕೆಂದರೆ ಅವು ಒಸಿಐ ಇಮೇಜನ್ನು ತೆಗೆದುಕೊಂಡು ನಡೆಸುತ್ತವೆ. ಫ್ರೀಬಿಎಸ್‌ಡಿಯ ಸುದ್ದಿಯ ಅರ್ಥವೂ ಇಲ್ಲಿ ತಿಳಿಯಾಗುತ್ತದೆ. 2000ದಿಂದ ಅದರಲ್ಲಿ ಇದ್ದದ್ದು ಬೇರ್ಪಡಿಸುವ ವಿದ್ಯೆ. 2024ರಲ್ಲಿ ಸೇರಿದ್ದು ಕಟ್ಟಿಡುವ ವಿದ್ಯೆಯ ಸರ್ವಸಮ್ಮತ ರೂಪ.

ಹಾಗಾಗಿ ಡಾಕರ್ ಕಂಟೇನರನ್ನು ಕಂಡುಹಿಡಿಯಿತು ಎಂಬ ಮಾತು ಇತಿಹಾಸವಾಗಿ ತಪ್ಪು. ಇಂದು ಕಂಟೇನರ್ ಎಂಬ ಪದಕ್ಕೆ ಇರುವ ಅರ್ಥವನ್ನು ಮಾತ್ರ ಕೊಟ್ಟದ್ದು ಡಾಕರ್, ಮತ್ತು ಅದು ಕಡಿಮೆ ಸಂಗತಿಯಲ್ಲ.

ಹೆಸರು ತಪ್ಪಿದರೆ ಆಗುವ ಹಾನಿ

ಶ್ರೇಯಸ್ಸಿನ ಲೆಕ್ಕ ಇತಿಹಾಸಕಾರರಿಗೆ ಬಿಟ್ಟ ವಿಷಯ, ಕೆಲಸ ನಡೆದರೆ ಸಾಲದೇ ಎಂದು ಕೇಳಬಹುದು. ಒಂದು ಹೆಸರಿನ ಕೆಳಗೆ ಎಲ್ಲವನ್ನೂ ಸೇರಿಸಿದ್ದರಿಂದ ನೇರ ಪರಿಣಾಮಗಳೂ ಆಗಿವೆ. 2020ರ ಡಿಸೆಂಬರಿನಲ್ಲಿ, ಡಾಕರ್‌ನೊಂದಿಗೆ ಮಾತಾಡಲು ತನ್ನಲ್ಲಿದ್ದ ಡಾಕರ್‌ಶಿಮ್ ಎಂಬ ಕೊಂಡಿಯನ್ನು ಮುಂದೆ ತೆಗೆದುಹಾಕುವುದಾಗಿ ಕುಬರ್ನೆಟಿಸ್ ಪ್ರಕಟಿಸಿದಾಗ, ತಾವು ಕಟ್ಟಿಟ್ಟ ಇಮೇಜುಗಳೆಲ್ಲ ನಿಷ್ಪ್ರಯೋಜಕವಾಗುತ್ತವೆಂದು ಬಹಳ ಜನ ಗಾಬರಿಗೊಂಡರು. ಇಮೇಜ್ ಒಸಿಐ ಮಾನದಂಡದ್ದು, ಅದನ್ನು ನಡೆಸಲು ಕಂಟೇನರ್‌ಡಿ, ಕ್ರಯೋ ಮುಂತಾದ ಬೇರೆ ತಂತ್ರಾಂಶವಿದ್ದರೆ ಸಾಕು ಎಂಬುದನ್ನು ಕುಬರ್ನೆಟಿಸ್ ತಂಡ ಪ್ರತ್ಯೇಕ ಬರಹಗಳಲ್ಲಿ ವಿವರಿಸಬೇಕಾಯಿತು. 2022ರಲ್ಲಿ ಆ ಕೊಂಡಿಯನ್ನು ತೆಗೆದಾಗ ಇಮೇಜುಗಳು ಎಂದಿನಂತೆ ನಡೆದವು. ಉಗ್ರಾಣದ ವಿಷಯದಲ್ಲಿ ಅವಲಂಬನೆ ನಿಜವಾದದ್ದು: 2020ರ ನವೆಂಬರಿನಲ್ಲಿ ಡಾಕರ್ ಕಂಪನಿಯ ಸಾರ್ವಜನಿಕ ಉಗ್ರಾಣವಾದ ಡಾಕರ್ ಹಬ್, ಹೆಸರು ನೋಂದಾಯಿಸದ ಬಳಕೆದಾರರಿಗೆ ಆರು ಗಂಟೆಗೆ 100 ಇಳಿಕೆಗಳ ಮಿತಿ ಹಾಕಿದಾಗ, ಮಾನದಂಡ ಮುಕ್ತವಾಗಿದ್ದರೂ ಇಮೇಜುಗಳ ಮನೆ ಒಂದೇ ಕಂಪನಿಯದ್ದೆಂಬುದು ಎಲ್ಲರ ಅರಿವಿಗೆ ಬಂತು.

ಭದ್ರತೆಯಲ್ಲಿ ಈ ತಪ್ಪು ತಿಳಿವಳಿಕೆಯ ಬೆಲೆ ಇನ್ನೂ ಹೆಚ್ಚು. 2019ರ ಫೆಬ್ರವರಿಯಲ್ಲಿ ರನ್‌ಸಿಯಲ್ಲಿ ಗಂಭೀರ ದೋಷವೊಂದು ಬಯಲಾಯಿತು. ದುರುದ್ದೇಶದ ಕಂಟೇನರ್ ಹೊರಗಿನ ಯಂತ್ರದ ರೂಟ್ ಅಧಿಕಾರವನ್ನೇ ವಶಪಡಿಸಿಕೊಳ್ಳಲು ಅದು ದಾರಿಯಾಗುತ್ತಿತ್ತು. ಡಾಕರ್ ಬಳಸದವರೂ ಸುರಕ್ಷಿತರಾಗಿರಲಿಲ್ಲ, ಏಕೆಂದರೆ ಬೇರೆ ಬೇರೆ ಹೆಸರಿನ ಹಲವು ವ್ಯವಸ್ಥೆಗಳ ತಳದಲ್ಲಿ ಇದ್ದದ್ದು ಅದೇ ರನ್‌ಸಿ. ಎಲ್‌ಎಕ್ಸ್‌ಸಿಯಲ್ಲೂ ಇದೇ ದೋಷ ಕಂಡುಬಂತು. ಬಳಕೆದಾರರ ನೇಮ್‌ಸ್ಪೇಸನ್ನು ಸರಿಯಾಗಿ ಬಳಸಿದ್ದ ಕಡೆ ಈ ದಾಳಿ ನಡೆಯುವಂತಿರಲಿಲ್ಲ. ಆರು ವರ್ಷ ಮೊದಲೇ ಕರ್ನಲ್‌ನಲ್ಲಿ ಸಿದ್ಧವಾಗಿದ್ದ ಆ ರಕ್ಷೆಯನ್ನು ಡಾಕರ್ 2016ರಲ್ಲಿ ಅಳವಡಿಸಿಕೊಂಡಿತ್ತು, ಆದರೆ ಬಳಕೆದಾರರು ತಾವಾಗಿ ಕೇಳಿದ ಹೊರತು ಅದು ಚಾಲ್ತಿಯಾಗುತ್ತಿರಲಿಲ್ಲ. ಕಂಟೇನರ್ ಎಂದರೆ ಡಾಕರ್ ಕಟ್ಟಿದ ಗಟ್ಟಿಯಾದ ಪೆಟ್ಟಿಗೆ ಎಂದು ನಂಬಿದವರು ಅದನ್ನು ಕೇಳುವುದಾದರೂ ಏಕೆ? ಆ ಪೆಟ್ಟಿಗೆಯ ಗೋಡೆಗಳು ಕರ್ನಲ್‌ನ ಬಿಡಿ ಸಲಕರಣೆಗಳೆಂದು ತಿಳಿದವರು ಮಾತ್ರ, ಯಾವ ಗೋಡೆಯನ್ನು ಎಬ್ಬಿಸಿದ್ದೇವೆ, ಯಾವುದನ್ನು ಬಿಟ್ಟಿದ್ದೇವೆ ಎಂದು ವಿಚಾರಿಸುತ್ತಾರೆ.

ಕುಬರ್ನೆಟಿಸ್‌ನಲ್ಲಿ ಬಳಕೆದಾರರ ನೇಮ್‌ಸ್ಪೇಸ್ ಸೌಲಭ್ಯ ಯಾರೂ ವಿಶೇಷವಾಗಿ ತೆರೆಯದೆಯೇ ಲಭ್ಯವಾದದ್ದು 2025ರ ಏಪ್ರಿಲ್‌ನ 1.33ನೇ ಆವೃತ್ತಿಯಲ್ಲಿ, ಕರ್ನಲ್‌ನಲ್ಲಿ ಅದು ಸಿದ್ಧವಾದ ಹನ್ನೆರಡು ವರ್ಷಗಳ ನಂತರ. ಈಗಲೂ ಪ್ರತಿಯೊಂದು ಕೆಲಸದ ವಿವರಣೆಯಲ್ಲಿ ಅದು ಬೇಕೆಂದು ಬರೆದರೆ ಮಾತ್ರ ಅನ್ವಯವಾಗುತ್ತದೆ.